ಚೀಟಿಯಲ್ಲಿ ಒಂದು ಸುತ್ತು ಹೆಚ್ಚಿಗೆ

ನಾಗಮಂಗಲದ ಕಡೆಯ ಕಾಲೇಜೊಂದಕ್ಕೆ ಹೊಸದಾಗಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿ ಬಂದಿರುವ ಹುಡುಗಿಯೊಬ್ಬಳು ಹೋದ ತಿಂಗಳು ಫೋನು ಮಾಡಿದ್ದಳು. "ಸಾರ್, ಈ ಸಲ ಜಿಮ್ನಾಸ್ಟಿಕ್ಸಿಗೆ ಅಂಕ ಹಾಕಕ್ಕೆ ನನ್ನೂ ಸೇರ್ಸವ್ರೆ. ನೀವು ಅಷ್ಟು ವರ್ಷ ಮಾಡಿದ್ದೀರ, ಏನಾದ್ರೂ ಬರ್ದ್‌ಕೊಡಿ" ಎಂದಳು. ನಿಯಮದ ಪುಸ್ತಕ ಇದೆಯಲ್ಲಮ್ಮ, ಅದನ್ನೇ ಓದು ಎಂದೆ. "ಓದಿದ್ದೀನಿ ಸಾರ್. ಅದ್ರಲ್ಲಿ ಇಲ್ದೇ ಇರೋದು ಬೇಕು" ಎಂದಳು. ಚುರುಕಿನ ಹುಡುಗಿ. ಪುಸ್ತಕದಲ್ಲಿ ಇಲ್ಲದ್ದು ನನ್ನ ಹತ್ತಿರ ಇದೆ, ಬರೆಯುವ ಧೈರ್ಯ ಇರಲಿಲ್ಲ ಅಷ್ಟೇ. ಈಗ ನಿವೃತ್ತನಾಗಿ ಎರಡು ವರ್ಷವಾಯಿತು. ನನ್ನ ಮೇಲಿನವರು ಯಾರೂ ಇಲ್ಲ, ಕೆಳಗಿನವರೂ ಇಲ್ಲ. ಬರೆದುಬಿಡುತ್ತೇನೆ.

ನಾನು ಕೆಲಸ ಮಾಡಿದ್ದು ಪಾಂಡವಪುರದ ಕಡೆ. ಕಾಲೇಜಿನ ಹೆಸರು ಹೇಳುವುದಿಲ್ಲ. ಅದರ ಗೋಡೆಗಳದ್ದೋ ಮೈದಾನದ್ದೋ ಏನೂ ತಪ್ಪಿಲ್ಲ. ಬಡ್ತಿ ಯಾವಾಗ ಬಂತು, ಸನ್ಮಾನ ಎಲ್ಲಿ ಆಯಿತು ಎಂಬುದನ್ನೂ ಬರೆಯುವುದಿಲ್ಲ. ಶಾಲು, ಹಣ್ಣಿನ ಬುಟ್ಟಿಗಳಿಂದ ಯಾರೂ ಏನೂ ಕಲಿಯುವುದಿಲ್ಲ.

ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ಕಬಡ್ಡಿಯವನು. ಜೀವಮಾನದಲ್ಲಿ ಒಂದು ಲಾಗ ನೆಟ್ಟಗೆ ಹೊಡೆದವನಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ವಲಯದ ಅಂತರಕಾಲೇಜು ಸ್ಪರ್ಧೆಗೆ ತೀರ್ಪುಗಾರರು ಸಾಲದೆ ಬಂದು, ಬಿಳಿ ಪ್ಯಾಂಟು ಹಾಕಿಕೊಂಡು ಬಂದಿದ್ದಾನೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಹಿಡಿದು ಕುರ್ಚಿಯ ಮೇಲೆ ಕೂರಿಸಿದರು. ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಕೆ.ಆರ್. ಪೇಟೆಯ ತಿಮ್ಮೇಗೌಡರು. ನಮ್ಮ ಕಡೆಗೆಲ್ಲ ಹಿರಿಯ ತೀರ್ಪುಗಾರರು ಅವರೇ. ಮೊದಲ ಹುಡುಗನಿಗೆ ನಾನು ಹಾಕಿದ ಅಂಕವನ್ನು ಇಣುಕಿ ನೋಡಿ, "ಇದೇನ್ಲಾ, ಮದ್ವೆ ಮನೇಲಿ ಮುಯ್ಯಿ ಹಾಕ್ದಂಗೆ ಹಾಕಿದ್ದೀಯ?" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾರನೆಯ ಭಾನುವಾರ ಅವರೇ ಬಸ್ಸು ಹತ್ತಿ ಪಾಂಡವಪುರಕ್ಕೆ ಬಂದರು. ಮೈದಾನಕ್ಕಲ್ಲ, ನಾಲೆಯ ಸೇತುವೆಗೆ ಕರೆದುಕೊಂಡು ಹೋದರು. ಅಲ್ಲಿ ಊರಿನ ಹೈಕಳು ಕಟ್ಟೆಯ ಮೇಲಿಂದ ನೀರಿಗೆ ಹಾರುತ್ತಿದ್ದರು. ಅದನ್ನು ನೋಡುತ್ತಾ ಗಂಟೆಗಟ್ಟಲೆ ಕೂತೆವು.

"ಇಬ್ರು ಎಗರುದ್ರು. ಯಾವನು ಗೆದ್ದ ಯೋಳ್ಲಾ" ಎಂದರು.

"ಮೇಲಿನ ಕಂಬಿಯಿಂದ ಎಗರಿದನಲ್ಲ, ಅವನು" ಎಂದೆ.

"ಅವ್ನು ಮೇಲಿಂದ ಎಗುರ್ದ, ದಿಟ. ನೀರು ಎಷ್ಟು ಚೆಲ್ತು ನೋಡ್ದಾ? ಈ ಕಡೆಯೋನ್ನ ನೋಡು, ಅವ್ನು ಬಿದ್ದಿದ್ದು ನೀರ್ಗೇ ಗೊತ್ತಾಗ್ನಿಲ್ಲ. ಅದು ಒಪ್ಪ ಕಣ್ಲಾ. ಕಷ್ಟವ ಮೊಂಡಾಟದಲ್ಲೂ ಮಾಡ್ಬುಡ್ಬೌದು. ಒಪ್ಪವ ಮಾಡೋಕೆ ಮೈಗೆ ಮರ್ಯಾದೆ ಬೇಕು."

ಅವತ್ತಿನಿಂದ ನಮ್ಮ ನಾಲ್ಕು ತಾಲ್ಲೂಕಿನ ತೀರ್ಪುಗಾರರ ಬಾಯಲ್ಲಿ ಆ ಎರಡು ಮಾತು ಉಳಿದುಕೊಂಡವು. ಮಾಡಿದ ಕಸರತ್ತು ಎಷ್ಟು ದೊಡ್ಡದು ಎಂಬುದು ಕಷ್ಟ, ಅದನ್ನು ಎಷ್ಟು ಚೊಕ್ಕವಾಗಿ ಮಾಡಿದರು ಎಂಬುದು ಒಪ್ಪ. ಮಂಡಿ ಬಾಗಿತೇ, ಕಾಲ್ಬೆರಳು ಚೂಪಾಗಿತ್ತೇ, ನೆಲಕ್ಕೆ ಇಳಿದಾಗ ಪಾದ ಕದಲಿತೇ, ಇದೆಲ್ಲ ಒಪ್ಪದ ಲೆಕ್ಕ. ಆಗ ಎರಡೂ ಸೇರಿ ಹತ್ತೇ ಅಂಕ. ಒಬ್ಬನೇ ಕೂತು ಎರಡನ್ನೂ ತೂಗಿ ನೋಡಿ ಒಂದು ಅಂಕ ಬರೆಯುತ್ತಿದ್ದೆವು.

ನನ್ನ ಮೊದಲ ದೊಡ್ಡ ಎಡವಟ್ಟು ಒಪ್ಪದ್ದೇ. ದೇವಲಾಪುರದಿಂದ ಬರುತ್ತಿದ್ದ ಮಹೇಶ ಎಂಬ ಹುಡುಗ ನೆಲದ ಮೇಲೆ ಕೈಯೂರಿ ತಲೆಕೆಳಗಾಗಿ ನಿಂತ. ಎಡ ಮೊಣಕೈ ಬಾಗಿತ್ತು. ಅಂಕ ಕಳೆದೆ. ಮುಂದಿನ ಪಟ್ಟಿನಲ್ಲೂ ಬಾಗಿತ್ತು, ಮತ್ತೆ ಕಳೆದೆ. ನಾಲ್ಕನೇ ಸಲಕ್ಕೆ ತಲೆಕೆಟ್ಟು, "ಕೈ ನೆಟ್ಟಗೆ ಹಿಡ್ಕೊಳಕ್ಕೂ ಆಗಲ್ವೇನೋ? ಮುದ್ದೆ ತಿನ್ನಲ್ವಾ?" ಎಂದು ಎಲ್ಲರೆದುರಿಗೆ ಕೂಗಿದೆ. ಜನ ನಕ್ಕರು. ಅವನು ಆಟ ಮುಗಿಸಿ, ಕೈ ಮುಗಿದು, ನನ್ನ ಮೇಜಿನ ಹತ್ತಿರ ಬಂದು ಎಡಗೈ ಚಾಚಿದ.

"ಚಿಕ್ಕೋನಿದ್ದಾಗ ಹುಣ್ಸೇಮರದಿಂದ ಬಿದ್ದಿದ್ದೆ ಸಾ. ನಾಟಿ ಕಟ್ಟು ಕಟ್ಸಿದ್ರು. ಅವತ್ತಿಂದ ಇಷ್ಟೇ ನೆಟ್ಗಾಗದು. ಇನ್ನೂ ಎಷ್ಟು ನೆಟ್ಗೆ ಮಾಡ್ಲಿ, ನೀವೇ ಯೋಳಿ" ಎಂದ.

ನಿಯಮದ ಪ್ರಕಾರ ಬಾಗಿದ ಕೈ ಬಾಗಿದ ಕೈಯೇ. ಯಾಕೆ ಬಾಗಿತು ಎಂದು ಕೇಳುವ ಹಕ್ಕು ತೀರ್ಪುಗಾರನಿಗಿಲ್ಲ. ನಾನು ಕಳೆದ ಅಂಕದಲ್ಲಿ ತಪ್ಪಿರಲಿಲ್ಲ. ಆಡಿದ ಮಾತು ಮಾತ್ರ ಇವತ್ತಿಗೂ ಕಿವಿಯಲ್ಲಿದೆ. ಆ ಹುಡುಗ ಮುಂದಿನ ವರ್ಷ ಸ್ಪರ್ಧೆಗೆ ಬರಲಿಲ್ಲ. ಹೊಸಬರಿಗೆ ಹೇಳುತ್ತೇನೆ, ಪೆನ್ನಿಗೆ ಕೊಟ್ಟ ಅಧಿಕಾರವನ್ನು ಬಾಯಿಗೆ ಕೊಡಬೇಡಿ.

ಆಮೇಲೆ ಪದ್ಧತಿ ಬದಲಾಯಿತು. ಹತ್ತು ಅಂಕ ಹೋಗಿ ಎರಡು ಮೇಜು ಬಂದವು. ಒಂದು ಮೇಜಿನವರು ಕಷ್ಟವನ್ನು ಮಾತ್ರ ಎಣಿಸಬೇಕು, ಇನ್ನೊಂದು ಮೇಜಿನವರು ಒಪ್ಪವನ್ನು ಮಾತ್ರ ನೋಡಬೇಕು, ಕೊನೆಗೆ ಎರಡನ್ನೂ ಕೂಡಿಸಬೇಕು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಒಂದೇ ಒಂದು ವ್ಯತ್ಯಾಸ, ಒಪ್ಪಕ್ಕೆ ಹತ್ತರ ಮಿತಿ, ಅದರಿಂದ ಕಳೆಯುತ್ತಾ ಹೋಗಬೇಕು. ಕಷ್ಟಕ್ಕೆ ಮಿತಿಯೇ ಇಲ್ಲ, ಕೂಡಿಸುತ್ತಾ ಹೋಗಬೇಕು. ತರಬೇತಿ ಶಿಬಿರದಲ್ಲಿ ಇದನ್ನು ಹೇಳಿಕೊಟ್ಟಾಗ ತಿಮ್ಮೇಗೌಡರು ಎದ್ದು ನಿಂತು, "ಸ್ವಾಮಿ, ಒಂದ್ ಕಡೆ ಬರೀ ಕಳ್ಯದು, ಇನ್ನೊಂದ್ ಕಡೆ ಬರೀ ಕೂಡ್ಸದು. ಮಕ್ಳು ಯಾವ ಕಡೆ ಓಯ್ತವೆ ಅಂತ ನಮ್ಮೂರ್ ಎಮ್ಮೆ ಕೇಳುದ್ರೂ ಯೋಳ್ತದೆ" ಎಂದರು. ಶಿಬಿರದವರು ನಕ್ಕು ಟೀ ವಿರಾಮ ಕೊಟ್ಟರು. ಅವರು ಅಲ್ಲಿಂದ ಮುಂದೆ ಕಷ್ಟದ ಮೇಜಿಗೆ ಕೂರಲೇ ಇಲ್ಲ. ನಾನು ಕೂತೆ. ಹೊಸತನ್ನು ಬೇಗ ಕಲಿಯುವವನು ಎಂಬ ಹೆಮ್ಮೆ ನನಗೆ.

ಆ ಹೆಮ್ಮೆಯಲ್ಲೇ ಒಂದು ಪದ್ಧತಿ ತಂದೆ. ನಮ್ಮ ತೀರ್ಪುಗಾರರಲ್ಲಿ ಅರ್ಧ ಜನಕ್ಕೆ ಹೊಸ ಪಟ್ಟುಗಳ ಗುರುತು ಹತ್ತುತ್ತಿರಲಿಲ್ಲ, ನೋಡುವ ಜನಕ್ಕಂತೂ ಏನೂ ತಿಳಿಯುತ್ತಿರಲಿಲ್ಲ. ಅದಕ್ಕೆ ನಮ್ಮ ವಲಯದ ಸಭೆಯಲ್ಲಿ ನಾನು ಸೂಚಿಸಿದ್ದು ಹೀಗೆ: ಪ್ರತಿ ಸ್ಪರ್ಧಿಯ ತರಬೇತುದಾರ ಮುಂಚೆಯೇ ಒಂದು ಚೀಟಿ ಕೊಡಬೇಕು, ಇವಳು ಇಂಥಿಂಥ ಪಟ್ಟು ಹಾಕುತ್ತಾಳೆ ಎಂದು. ಅದನ್ನು ಆಟಕ್ಕೆ ಮೊದಲು ಮೈಕಿನಲ್ಲಿ ಓದಬೇಕು. ಓದಿದ್ದನ್ನು ಮಾಡದೆ ಬಿಟ್ಟರೆ ಅರ್ಧ ಅಂಕ ಕಡಿತ. ಇದು ಯಾವ ಪುಸ್ತಕದಲ್ಲೂ ಇಲ್ಲ, ಬೇರೆ ಎಲ್ಲೂ ಇಲ್ಲ. ನನ್ನ ತಲೆಯಿಂದ ಬಂದದ್ದು. ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿದರು. ತಿಮ್ಮೇಗೌಡರು ಮಾತ್ರ ಹೊರಗೆ ಬಂದ ಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ, "ಲೇ, ಮಗ ಏನ್ ಮಾಡ್ತದೆ ಅಂತ ಮುಂಚೇಲೇ ಊರ್ಗೆಲ್ಲ ಕೂಗ್ಬುಟ್ರೆ, ಅದು ಇಂದಕ್ ಬರಾಕೆ ದಾರಿ ಎಲ್ಲೈತ್ಲಾ?" ಎಂದರು. ಹಳಬರು, ಇವರಿಗೆ ಏನು ತಂದರೂ ಹಿಡಿಸುವುದಿಲ್ಲ ಎಂದುಕೊಂಡೆ.

ಆ ಹೊತ್ತಿಗೆ ರೆಹಾನಾ ನಮ್ಮ ಕಾಲೇಜಿಗೆ ಬಂದಿದ್ದಳು.

ಶ್ರೀರಂಗಪಟ್ಟಣದ ಹುಡುಗಿ. ಅವಳ ತಂದೆ ಇನಾಯತ್ ಅಲ್ಲಿ ಬಸ್ಸು, ಲಾರಿಗಳ ಸೀಟು ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದರು. ಹೈಸ್ಕೂಲಿನಲ್ಲಿ ಯಾರೋ ಪುಣ್ಯಾತ್ಮರು ಅವಳಿಗೆ ಲಾಗ ಹೊಡೆಯುವುದನ್ನು ಕಲಿಸಿದ್ದರು. ಮೊದಲ ದಿನ ನಮ್ಮ ಸಭಾಂಗಣದ ಸಿಮೆಂಟು ನೆಲದ ಮೇಲೆ, ಜಮಖಾನ ಹಾಸಿಕೊಂಡು, ಹಿಂದಕ್ಕೆ ಒಂದು ಲಾಗ ಹೊಡೆದು ತೋರಿಸಿದಳು. ಮೈ ಗಾಳಿಯಲ್ಲಿ ನೆಟ್ಟನೆ, ಮಂಡಿ ಕೂಡಿ, ಬೆರಳು ಚೂಪಾಗಿ. ಇಳಿದಾಗ ಸದ್ದೇ ಆಗಲಿಲ್ಲ. ನನಗೆ ನಾಲೆಯ ಸೇತುವೆಯ ಆ ಹುಡುಗ ನೆನಪಾದ. ತಿಮ್ಮೇಗೌಡರಿಗೆ ಅವತ್ತೇ ಫೋನು ಮಾಡಿ, "ಗೌಡ್ರೇ, ನಿಮ್ಮ ಒಪ್ಪ ನಮ್ಮ ಕಾಲೇಜಿಗೆ ಬಂದ್ಬುಟ್ಟೈತೆ" ಎಂದೆ.

ಮಗಳು ಸಿಮೆಂಟಿನ ಮೇಲೆ ಲಾಗ ಹೊಡೆಯುತ್ತಾಳೆ ಎಂದು ಕೇಳಿ ಇನಾಯತ್ ಮಾರನೆಯ ವಾರವೇ ಗೂಡ್ಸ್ ಆಟೊದಲ್ಲಿ ಬಂದರು. ಒಳಗೆ ಗಟ್ಟಿ ಸ್ಪಂಜು, ಮೇಲೆ ನೀಲಿ ರೆಕ್ಸಿನ್. ಕೈಯಾರೆ ಹೊಲಿದ ಹಾಸುಗಳು. ಒಂದಕ್ಕೊಂದು ಜರುಗದ ಹಾಗೆ ಅಂಚಿಗೆ ರೆಕ್ಸಿನ್ ಪಟ್ಟಿ ಕೊಟ್ಟು ಅಲ್ಲೇ ಕೂತು ದಬ್ಬಣದಲ್ಲಿ ಹೊಲಿದು ಜೋಡಿಸಿದರು. ಮುಗಿಸಿ, ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಆಡಿಸಿ ನೋಡಿದರು. "ಈಗ ನೂರ್ ಜನ ಕುಣುದ್ರೂ ಬುಡಕಿಲ್ಲ ಮೇಷ್ಟ್ರೇ" ಎಂದರು. ನಮ್ಮ ಜಿಲ್ಲೆಯ ಯಾವ ಕಾಲೇಜಿನಲ್ಲೂ ಅಂಥ ಹಾಸು ಇರಲಿಲ್ಲ. ಸ್ಪರ್ಧೆಗಳೆಲ್ಲ ನಮ್ಮಲ್ಲೇ ನಡೆಯುವುದಕ್ಕೆ ಶುರುವಾದದ್ದು ಆ ಹಾಸಿನಿಂದಲೇ.

ರೆಹಾನಾಳಿಗೆ ಒಂದೇ ಆಸೆ, ಬಿ.ಪಿ.ಎಡ್ ಮಾಡಿ ನನ್ನ ಹಾಗೆ ಆಟದ ಮೇಷ್ಟ್ರಾಗಬೇಕು. "ನೀವು ರಿಟೈರಾಗಿ ಸಾ, ನಾನು ಬತ್ತೀನಿ. ನಿಮ್ ಸೀಟೂ ನಂದೇ, ನಿಮ್ ಸೀಟಿನೂ ನಂದೇ" ಎಂದು ನನ್ನ ಕೊರಳಿನ ಸೀಟಿಯನ್ನು ತೋರಿಸಿ ನಗುತ್ತಿದ್ದಳು. ಪರೀಕ್ಷೆಯ ಅಂಕದ ಮೇಲೆ ಬಿ.ಪಿ.ಎಡ್ ಸೀಟು ಸಿಗುವ ಹಾಗಿರಲಿಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಕ್ರೀಡಾ ಕೋಟಾದಲ್ಲಿ ಸಿಗುತ್ತಿತ್ತು. ದಾರಿ ಅದೊಂದೇ ಇತ್ತು.

ಎರಡನೇ ವರ್ಷ ಅವಳು ಸೋತಳು. ತಪ್ಪು ಮಾಡಿ ಸೋಲಲಿಲ್ಲ. ಒಪ್ಪದ ಮೇಜಿನಲ್ಲಿ ಅವಳಿಗೇ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ಗೆದ್ದ ಹುಡುಗಿ ಲಾಗದ ನಡುವೆ ಮೈಯನ್ನು ಒಂದು ಸುತ್ತು ತಿರುಗಿಸಿ, ಇಳಿಯುವಾಗ ದೊಪ್ಪನೆ ಕುಂಡೆಯೂರಿ ಕೂತಿದ್ದಳು. ಆದರೂ ಆ ಸುತ್ತಿಗೆ ಸಿಕ್ಕ ಕಷ್ಟದ ಅಂಕ, ಬಿದ್ದು ಕಳೆದುಕೊಂಡದ್ದನ್ನು ತುಂಬಿ ಮೇಲೆ ಮಿಕ್ಕಿತು. ಕಷ್ಟದ ಮೇಜಿನಲ್ಲಿ ಕೂತು ಆ ಅಂಕ ಹಾಕಿದವನು ನಾನೇ. ಯಾವ ಕಸರತ್ತಿಗೆ ಎಷ್ಟು ಎಂಬ ಕಷ್ಟದ ಪಟ್ಟಿ ಬಲ್ಲವರು ನಮ್ಮ ಕಡೆ ಇಬ್ಬರೋ ಮೂವರೋ, ಹಾಗಾಗಿ ಅವರವರ ಕಾಲೇಜಿನ ಮಕ್ಕಳಿಗೆ ಅವರವರೇ ಅಂಕ ಹಾಕುವುದೂ ನಡೆದುಕೊಂಡು ಬಂದಿತ್ತು.

ಇನಾಯತ್ ಅವತ್ತು ಬಂದಿದ್ದರು. ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಬೇಜಾರಿಲ್ಲ ಮೇಷ್ಟ್ರೇ, ತಿಳ್ಕೊಳಕ್ಕೆ ಕೇಳ್ತೀನಿ. ನಮ್ ಬೇಟಿ ಬಿದ್ದಿಲ್ಲ. ಆ ಮಗು ಬಿತ್ತು. ಬಿದ್ದೋರು ಎಂಗೆ ಗೆದ್ರು?"

"ಭಾಯ್, ಒಪ್ಪಕ್ಕೆ ಹತ್ತೇ ಮಿತಿ. ಕಷ್ಟಕ್ಕೆ ಮಿತಿ ಇಲ್ಲ. ನಿಮ್ಮ ಮಗಳಲ್ಲಿ ಕಷ್ಟ ಸಾಲದು" ಎಂದೆ.

ಅವರು ಹಾಸಿನ ಕಡೆ ನೋಡಿದರು. "ನಮ್ ಕೆಲ್ಸನೂ ಅಂಗೇ ಬುಡಿ. ಒಲಿಗೆ ನೆಟ್ಗಿದ್ರೆ ಯಾರೂ ನೋಡಲ್ಲ. ಬುಟ್ಟೋದ್ರೆ ಎಲ್ಲಾರೂ ನೋಡ್ತಾರೆ" ಎಂದು ನಕ್ಕು ಮಗಳನ್ನು ಕರೆದುಕೊಂಡು ಹೋದರು.

ನಿಮ್ಮ ಮಗಳಲ್ಲಿ ಕಷ್ಟ ಸಾಲದು ಎಂದೆನಲ್ಲ, ಆ ಮಾತನ್ನು ರೆಹಾನಾ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಮಾರನೆಯ ದಿನವೇ ಬಂದು, "ನಂಗೂ ಸುತ್ತು ಕಲ್ಸಿ ಸಾ" ಎಂದಳು. ನನಗೆ ಬರುತ್ತಿದ್ದದ್ದು ಪಟ್ಟಿ ಓದಿ ಅಂಕ ಹಾಕುವುದು. ಕಲಿಸುವುದಕ್ಕೆ ಬರುತ್ತಿರಲಿಲ್ಲ. ಹಾಗೆಂದು ಹೇಳಬೇಕಾಗಿತ್ತು. ಹೇಳದೆ, ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಕಲಿಸಲು ನಿಂತೆ. ವರ್ಷವಿಡೀ ಅಪ್ಪನ ಹಾಸಿನ ಮೇಲೆ ಬಿದ್ದಳು, ಎದ್ದಳು. ಹತ್ತು ಸಲ ಹೊಡೆದರೆ ಮೂರು ಸಲ ನಿಲ್ಲುತ್ತಿದ್ದಳು. ಎಡಮಂಡಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಬರತೊಡಗಿದಳು. ಕೇಳಿದರೆ, "ಏನಿಲ್ಲ ಸಾ, ಅಬ್ಬಾಗೆ ಏಳ್ಬೇಡಿ" ಎನ್ನುತ್ತಿದ್ದಳು.

ಮೂರನೇ ವರ್ಷದ ಸ್ಪರ್ಧೆ ಅವಳ ಕೊನೆಯ ಅವಕಾಶ. ಆಯ್ಕೆ ಸಮಿತಿಯವರೂ ಬಂದಿದ್ದರು. ನಾನು ಹಿಂದಿನ ದಿನವೇ ಅವಳ ಚೀಟಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಕೊನೆಯ ಸಾಲಿನಲ್ಲಿ "ಹಿಂದಕ್ಕೆ ನೆಟ್ಟನೆ ಲಾಗ" ಎಂದು ಬರೆದು, ಮೇಲೆ ಸಣ್ಣಗೆ "ಒಂದು ಸುತ್ತಿನೊಂದಿಗೆ" ಎಂದು ಸೇರಿಸಿದ್ದೆ.

ಬೆಳಗ್ಗೆ ನೀರಿನ ನಲ್ಲಿಯ ಹತ್ತಿರ ಸಿಕ್ಕಳು. ಮುಖ ತೊಳೆದುಕೊಂಡು ದುಪಟ್ಟಾದಲ್ಲಿ ಒರೆಸಿಕೊಳ್ಳುತ್ತಾ, "ಸಾ, ಇವತ್ತು ಸುತ್ತು ಬ್ಯಾಡ. ಮಂಡಿ ಯಾಕೋ ನಿಲ್ತಾ ಇಲ್ಲ. ಬರೀ ಲಾಗ ಹೊಡೀತೀನಿ. ಒಪ್ಪವಾಗಿ ಹೊಡೀತೀನಿ, ನೋಡಿ ಬೇಕಾದ್ರೆ" ಎಂದಳು.

"ಹೂಂ, ನೋಡಣ ಹೋಗು" ಎಂದೆ.

ಚೀಟಿ ನನ್ನ ಜೇಬಿನಲ್ಲಿತ್ತು. ಪೆನ್ನೂ ಅದೇ ಜೇಬಿನಲ್ಲಿತ್ತು. ಎರಡು ಪದ ಹೊಡೆದುಹಾಕಿದ್ದರೆ ಮುಗಿದಿತ್ತು. ಇದನ್ನು ಓದುವವರಿಗೆ ನಾನು ಮರೆತೆ ಅನ್ನಿಸಬಹುದು. ಮರೆಯಲಿಲ್ಲ. ಮೈಕಿನಲ್ಲಿ ಓದಿದರೆ ಅವಳು ಮಾಡಿಯೇ ಮಾಡುತ್ತಾಳೆ ಎಂದು ನನಗೆ ಗೊತ್ತಿತ್ತು. ಮಾಡಿದರೆ ಬಿದ್ದರೂ ಗೆಲ್ಲುತ್ತಾಳೆ, ಹೋದ ವರ್ಷದ ಹುಡುಗಿಯ ಹಾಗೆ. ಹೀಗೆ ಲೆಕ್ಕ ಹಾಕಿಕೊಂಡೇ ಚೀಟಿಯನ್ನು ಮೇಜಿನ ಮೇಲಿಟ್ಟೆ.

ಅವಳು ಹಾಸಿನ ಮೂಲೆಯಲ್ಲಿ ನಿಂತಳು. ಮೈಕಿನವರು ಚೀಟಿ ಓದಿದರು. "ಕೊನೆಯದಾಗಿ, ಹಿಂದಕ್ಕೆ ನೆಟ್ಟನೆ ಲಾಗ, ಒಂದು ಸುತ್ತಿನೊಂದಿಗೆ." ಸಭಾಂಗಣದ ತುಂಬ ಚಪ್ಪಾಳೆ. ಬಾಗಿಲ ಹತ್ತಿರ ನಿಂತಿದ್ದ ಇನಾಯತ್ ಕೂಡ ತಟ್ಟಿದರು. ರೆಹಾನಾ ತಿರುಗಿ ನನ್ನ ಮುಖ ನೋಡಿದಳು. ನಾನು ಕಷ್ಟದ ಪಟ್ಟಿಯ ಮೇಲೆ ತಲೆ ಬಗ್ಗಿಸಿದೆ.

ಉಳಿದ ಆಟವನ್ನೆಲ್ಲ ಅವಳು ಎಂದೂ ಮಾಡದಷ್ಟು ಚೆನ್ನಾಗಿ ಮಾಡಿದಳು. ಕೊನೆಗೆ ಓಡಿ ಬಂದು ಎಗರಿದಳು. ಸುತ್ತು ಪೂರ್ತಿ ತಿರುಗಿತು. ಪಾದಗಳು ಒಂದು ಹಾಸಿನ ನಟ್ಟನಡುವೆ ಇಳಿದವು, ಹೊಲಿದು ಜೋಡಿಸಿದ ಅಂಚಿನಿಂದ ಎರಡು ಮೊಳ ದೂರ. ಪಾದ ಎಲ್ಲಿ ಇಳಿಯಿತು ಎಂದು ನೋಡುವುದೇ ನನ್ನ ಕೆಲಸವಾಗಿತ್ತು, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತೇನೆ. ಪಾದ ನಿಂತಿತು, ಮೈ ಇನ್ನೂ ತಿರುಗುತ್ತಿತ್ತು. ಎಡಮಂಡಿ ತಿರುಚಿಕೊಂಡಿತು. ಆ ಸದ್ದು ಮೇಜಿನವರೆಗೂ ಕೇಳಿಸಿತು.

ಆರೇಳು ಜನ ನುಗ್ಗಿ ಅವಳನ್ನು ಎತ್ತಿದರು. ಅವರ ಕಾಲಿಗೆ ಸಿಕ್ಕಿ ಹಾಸು ಎಳೆದಾಡಿತು. ನನ್ನ ಕೈ ಮಾತ್ರ ಅದರ ಪಾಡಿಗೆ ಅದು ಕೆಲಸ ಮಾಡುತ್ತಿತ್ತು. ಪಾದ ಮೊದಲು ನೆಲಕ್ಕೆ ತಾಕಿದೆ, ಆದ್ದರಿಂದ ಪಟ್ಟು ಪೂರ್ಣ ಎಂದು ಕಷ್ಟದ ಅಂಕ ಬರೆದೆ. ಅವತ್ತಿನ ಎಲ್ಲರಿಗಿಂತ ಹೆಚ್ಚಿನ ಕಷ್ಟದ ಅಂಕ ರೆಹಾನಾಳದ್ದೇ. ಅದನ್ನು ಬರೆಯುವಾಗ ಅವಳು "ಅಬ್ಬಾ, ಅಬ್ಬಾ" ಎಂದು ಚೀರುತ್ತಿದ್ದಳು.

ಪಕ್ಕದ ಮೇಜಿನಲ್ಲಿ ಒಪ್ಪಕ್ಕೆ ಕೂತಿದ್ದ ತಿಮ್ಮೇಗೌಡರು ತಮ್ಮ ಕಾಗದವನ್ನು ಖಾಲಿ ಬಿಟ್ಟು ಎದ್ದರು. "ಚೀಟಿ ಯಾರ್ ಬರ್ದಿದ್ದು?" ಎಂದರು. ನಾನೇ ಎಂದೆ. "ಆ ಮಗ ನಿನ್ ಮಕ ನೋಡ್ತು. ನಾನೂ ನೋಡ್ದೆ" ಎಂದಷ್ಟೇ ಹೇಳಿ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ಮತ್ತೆಂದೂ ತೀರ್ಪು ಕೊಡಲು ಬರಲಿಲ್ಲ. ಈಗ ಅವರೂ ಇಲ್ಲ.

ಮಗಳನ್ನು ಮೈಸೂರಿಗೆ ಕರೆದೊಯ್ಯುವ ಗಾಡಿಗೆ ಹತ್ತಿಸಿ, ಬಿಟ್ಟುಹೋಗಿದ್ದ ಚಪ್ಪಲಿಗೆಂದು ಇನಾಯತ್ ಒಳಗೆ ಓಡಿಬಂದರು. ಚಪ್ಪಲಿ ಹಾಸಿನ ಪಕ್ಕದಲ್ಲಿತ್ತು. ಅಲ್ಲೇ ಹಾಸನ್ನೂ ನೋಡಿದರು. ಜನರ ಎಳೆದಾಟಕ್ಕೆ ಎರಡು ಹಾಸುಗಳನ್ನು ಜೋಡಿಸಿದ್ದ ಪಟ್ಟಿ ಗೇಣುದ್ದ ಕಿತ್ತುಬಂದಿತ್ತು. ಮಂಡಿಯೂರಿ ಕೂತು ಆ ಜಾಗಕ್ಕೆ ಬೆರಳು ಹಾಕಿದರು.

"ಯಾ ಅಲ್ಲಾ. ಒಲಿಗೆ ಬುಟ್ಟೋಗೈತೆ ಮೇಷ್ಟ್ರೇ. ಕಾಲು ಇದ್ರೊಳಗೆ ಸಿಕ್ಕಾಕ್ಕಂಡೈತೆ. ನನ್ ಒಲಿಗೆ. ನನ್ ಕೈಯಾರೆ ನನ್ ಮಗಳ್ನ..."

ಇಲ್ಲ ಭಾಯ್, ಅವಳ ಕಾಲು ಇಲ್ಲಿಗೆ ತಾಕಲೇ ಇಲ್ಲ, ಇದು ಆಮೇಲೆ ಕಿತ್ತದ್ದು, ತಪ್ಪು ನನ್ನದು. ಹೇಳಬೇಕಾಗಿದ್ದದ್ದು ಇಷ್ಟೇ. ಬಾಯಿ ತೆರೆದೆ. ಆಯ್ಕೆ ಸಮಿತಿಯವರು ಅಲ್ಲೇ ನಿಂತಿದ್ದರು, ಪ್ರಾಂಶುಪಾಲರೂ ಇದ್ದರು. "ಮೊದಲು ಹೊರಡಿ, ಗಾಡಿ ಕಾಯ್ತಿದೆ" ಎಂದೆ.

ಸಂಜೆ ಪ್ರಾಂಶುಪಾಲರು ವರದಿ ಕೇಳಿದರು. "ಹಾಸು ಜರುಗಿದ್ದರಿಂದ ವಿದ್ಯಾರ್ಥಿನಿ ಆಯತಪ್ಪಿ ಬಿದ್ದರು" ಎಂದು ಬರೆದು ಸಹಿ ಹಾಕಿದೆ. ನನ್ನ ಕೆಲಸದ ಅಷ್ಟೂ ವರ್ಷದಲ್ಲಿ ನಾನು ಕೊಟ್ಟ ತೀರ್ಪುಗಳಲ್ಲಿ ತಿಳಿದೂ ತಿಳಿದೂ ಸುಳ್ಳಾಗಿ ಕೊಟ್ಟದ್ದು ಅದೊಂದೇ. ಒಬ್ಬ ಮನುಷ್ಯನ ಮಿಕ್ಕ ಆಯುಷ್ಯಕ್ಕೆ ಅದೊಂದೇ ಸಾಕಾಯಿತು.

ಮಂಡಿಯ ಆಪರೇಷನ್ ಆಯಿತು. ನಡೆಯಬಹುದು, ಓಡುವ ಹಾಗಿಲ್ಲ ಎಂದರು. ಬಿ.ಪಿ.ಎಡ್ ಮಾತು ಅಲ್ಲಿಗೆ ಮುಗಿಯಿತು. ಎರಡು ಸಲ ಆಸ್ಪತ್ರೆಗೆ ಹೋಗಿ ಸೇಬು, ಮೂಸಂಬಿ ಕೊಟ್ಟು ಬಂದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಇನಾಯತ್ ನನಗೇ ಸಮಾಧಾನ ಹೇಳಿದರು. "ನೀವು ಎಷ್ಟು ಕಷ್ಟಪಟ್ಟು ಕಲ್ಸಿದ್ರಿ ಮೇಷ್ಟ್ರೇ. ನಾನು ಆಳ್ ಮಾಡ್ಬುಟ್ಟೆ" ಎಂದರು.

ಆಮೇಲಿನದನ್ನು ಬರೆಯುವುದು ಇನ್ನೂ ಕಷ್ಟ. ಪ್ರತಿ ವರ್ಷ ಸ್ಪರ್ಧೆಗೆ ಎರಡು ದಿನ ಮುಂಚೆ ಇನಾಯತ್ ನಮ್ಮ ಕಾಲೇಜಿಗೆ ಬರುತ್ತಿದ್ದರು. ಯಾರೂ ಕರೆಯುತ್ತಿರಲಿಲ್ಲ. ದಬ್ಬಣ, ಮೇಣ ಹಚ್ಚಿದ ದಾರ ಹಿಡಿದುಕೊಂಡು, ಸಭಾಂಗಣದ ಈ ತುದಿಯಿಂದ ಆ ತುದಿಗೆ ಮಂಡಿಯ ಮೇಲೆ ತೆವಳುತ್ತಾ, ಒಂದೊಂದು ಹೊಲಿಗೆಯ ಮೇಲೂ ಹೆಬ್ಬೆರಳು ಆಡಿಸಿ ನೋಡುತ್ತಿದ್ದರು. ಸರಿಯಿದ್ದ ಕಡೆಯೂ ಇನ್ನೊಂದು ಸಾಲು ಹೊಲಿಗೆ ಹಾಕುತ್ತಿದ್ದರು. "ಸಾಕು ಬಿಡಿ ಭಾಯ್, ಗಟ್ಟಿಯಾಗೇ ಇದೆ" ಎಂದರೆ, "ಇರ್ಲಿ ಮೇಷ್ಟ್ರೇ, ಬ್ಯಾರೆಯೋರ ಮಕ್ಳು" ಎನ್ನುತ್ತಿದ್ದರು. ನಾನು ಟೀ ತರಿಸಿಕೊಡುತ್ತಿದ್ದೆ. ಇವತ್ತು ಹೇಳುತ್ತೇನೆ ಎಂದುಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಟೀ ಕುಡಿದು ಅವರು ಹೊರಟುಹೋಗುತ್ತಿದ್ದರು. ಹೀಗೆ ಒಂಬತ್ತು ವರ್ಷ. ನಾನೆಂಥ ಹೇಡಿ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಚೀಟಿ ಓದುವ ಪದ್ಧತಿ ನಮ್ಮ ವಲಯದಲ್ಲಿ ಈಗಲೂ ಇದೆ. ನಿಲ್ಲಿಸಿ ಎಂದು ಸಭೆಯಲ್ಲಿ ಎದ್ದು ಹೇಳಲು ನನಗೆ ಆಗಲಿಲ್ಲ, ಹೇಳಿದರೆ ಯಾಕೆ ಎಂದು ಕೇಳುತ್ತಾರಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ನಾಗಮಂಗಲದ ತಾಯಿ. ಇದನ್ನು ಸಭೆಯಲ್ಲಿ ಓದು. ನನ್ನ ಹೆಸರು ಹೇಳಿಯೇ ಓದು. ಅಲ್ಲಿಯವರೆಗೆ, ಮೈಕಿನವರು ಓದುವಾಗ ಚೀಟಿಯನ್ನು ನೋಡಬೇಡ, ಮೂಲೆಯಲ್ಲಿ ನಿಂತ ಮಗುವಿನ ಮುಖ ನೋಡು. ಅದು ಯಾರ ಕಡೆಗಾದರೂ ತಿರುಗಿ ನೋಡಿದರೆ ಆಟ ನಿಲ್ಲಿಸು. ಎಷ್ಟು ಅಂಕ ಹೋದರೂ ಹೋಗಲಿ.

ಇದನ್ನು ಬರೆಯಲು ಕೂರುವ ಮೊದಲು, ಇನಾಯತ್‌ರಿಗೆ ಹೇಳದೆ ಊರಿಗೆಲ್ಲ ಹೇಳುವುದು ಸರಿಯಲ್ಲ ಅನ್ನಿಸಿ ಶ್ರೀರಂಗಪಟ್ಟಣಕ್ಕೆ ಹೋದೆ. ನಿವೃತ್ತನಾದ ಮೇಲೆ ಆ ಕಡೆ ಹೋಗಿರಲಿಲ್ಲ. ಅಂಗಡಿಯಲ್ಲಿ ರೆಹಾನಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಮದುವೆಯಾಗಿ ಪಾಲಹಳ್ಳಿಯಲ್ಲಿದ್ದಾಳೆ, ದಿನಾ ಬಂದು ಅಂಗಡಿ ತೆಗೆಯುತ್ತಾಳೆ. ನನ್ನನ್ನು ಕಂಡು ಎದ್ದಳು, ಎಡಗಾಲನ್ನು ಸ್ವಲ್ಪ ತಡೆದು.

"ಕೂತ್ಕೊಳಿ ಸಾ" ಎಂದು ಆಗ ತಾನೇ ಹೊಲಿದು ಮುಗಿಸಿದ್ದ ಬಸ್ಸಿನ ಸೀಟೊಂದನ್ನು ತೋರಿಸಿದಳು. ಕೂತೆ. "ಅಬ್ಬಾ ಎಲ್ಲಮ್ಮ?" ಎಂದೆ.

"ಅಬ್ಬಾ ಓಗಿ ಏಳು ತಿಂಗಳಾಯ್ತಲ್ಲ ಸಾ. ನಿಮ್ಗೆ ತಿಳೀಲಿಲ್ವಾ?"

ಅವಳೇ ಹೇಳಿದಳು. ಕೊನೆಕೊನೆಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ಮಲಗಿದ್ದಲ್ಲೇ ಹಾಸಿಗೆಯ ಅಂಚನ್ನು ಹೆಬ್ಬೆರಳಲ್ಲಿ ತಡವುತ್ತಾ, ಬಿಟ್ಟೈತಾ ನೋಡು ಬೇಟಾ, ಬಿಟ್ಟೈತಾ ನೋಡು ಎಂದು ಕೇಳುತ್ತಿದ್ದರಂತೆ.

ನಾನು ಅತ್ತುಬಿಟ್ಟೆ. ಅಳುತ್ತಲೇ ಎಲ್ಲ ಹೇಳಿದೆ. ಜೇಬಿನಲ್ಲಿದ್ದ ಪೆನ್ನು, ಹೊಡೆದುಹಾಕದ ಎರಡು ಪದ, ಅಂಚಿನಿಂದ ಎರಡು ಮೊಳ ದೂರ ಇಳಿದ ಪಾದ, ನಾನು ಬರೆದ ವರದಿ. ಅವಳು ಯಂತ್ರದ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದಳು.

"ನಂಗೆ ಗೊತ್ತಲ್ಲ ಸಾ. ಮೈಕಲ್ಲಿ ಓದುದ್ರಲ್ಲ" ಎಂದಳು.

"ಗೊತ್ತಿದ್ದೂ ಅಬ್ಬಾಗೆ ಯಾಕಮ್ಮ ಹೇಳಲಿಲ್ಲ?"

"ಏಳ್ದೆ ಸಾ. ಎಷ್ಟೋ ಸಲ ಏಳ್ದೆ. ನನ್ ಮನಸ್ಸಿಗೆ ನೋವಾಗ್ಬಾರ್ದು ಅಂತ ಸುಳ್ಳೇಳ್ತೀಯ ಅಂತಿದ್ರು. ಅಂಗೇನಾರ ಇದ್ದಿದ್ರೆ ಮೇಷ್ಟ್ರು ಏಳ್ತಿದ್ರು ಅಂತಿದ್ರು." ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು. "ಪ್ರತಿ ವರ್ಷ ಅಬ್ಬಾ ದಬ್ಬಣ ತಗೊಂಡು ನಿಮ್ ಕಾಲೇಜ್ಗೆ ಓದಾಗ, ಈ ಸಲ ಮೇಷ್ಟ್ರು ಏಳ್ತಾರೆ ಅಂತ ನಾನು ಕಾಯ್ತಿದ್ದೆ."

ರಸ್ತೆಯಲ್ಲಿ ಖಾಸಗಿ ಬಸ್ಸೊಂದು ಬಂದು ನಿಂತು ಹಾರನ್ ಹೊಡೆಯಿತು. ಕಂಡಕ್ಟರು ಇಳಿದು ಅಂಗಡಿಯ ಕಡೆ ಬರುತ್ತಿದ್ದ.

"ಏಳಿ ಸಾ. ಆ ಸೀಟು ಅವ್ರದು" ಎಂದಳು.

ಎದ್ದೆ. ನಾನು ಕೂತಿದ್ದ ಜಾಗವನ್ನು ಬಟ್ಟೆಯಲ್ಲಿ ಒರೆಸಿ, ಬಗ್ಗಿ, ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಆಡಿಸಿ ನೋಡಿದಳು. ಬಿಟ್ಟಿರಲಿಲ್ಲ. ಅವತ್ತು ಅವಳು ಇಳಿದಾಗಲೂ ಬಿಟ್ಟಿರಲಿಲ್ಲ.